ಕೆಂಪುಕೋಟಿನವನ ಎಡಸೊಂಟ

ಸಾವಧಾನಚಿತ್ತರಾದ ವಾಚಕ ಮಹಾಶಯರೇ, ಮುಂದೆ ನಿವೇದಿಸಲಿರುವ ವೃತ್ತಾಂತವನ್ನು ಓದತೊಡಗುವ ಮುನ್ನ ತಾವು ದಯವಿಟ್ಟು ಆಸೀನರಾಗಬೇಕು. ಆಸೀನರಾದ ಬಳಿಕ, ತಮ್ಮ ಭಾರವನ್ನು ಹೊತ್ತಿರುವ ವಸ್ತು ಯಾವುದೆಂದು ಒಮ್ಮೆ ಬಗ್ಗಿ ನೋಡಬೇಕು. ಅದಕ್ಕೆ ನಾಲ್ಕು ಕಾಲುಗಳಿದ್ದು, ನಾಲ್ಕೂ ನೆಲಕ್ಕೆ ತಾಗುತ್ತಿದ್ದು, ಅರ್ಧ ತಾಸು ಕಳೆದರೂ ತಮ್ಮ ಸೊಂಟವು ದೂರು ಹೇಳದಿದ್ದಲ್ಲಿ ತಾವು ಭಾಗ್ಯವಂತರು. ಆ ಭಾಗ್ಯವಿಲ್ಲದವನೊಬ್ಬನು ನನ್ನ ಅಕ್ಕನ ಮನೆಯೆದುರು ಆರು ದಿನ ಕುಳಿತನು. ಕುಳಿತದ್ದು ಸಾಲ ವಸೂಲಿಗೆ.

ನನ್ನದು ಕಾಲಿಗೆ ಚಕ್ರ ಕಟ್ಟಿಕೊಂಡ ಬಾಳು. ಹಳೆಯ ಮೇಜು, ಕಪಾಟುಗಳಿಗೆ ಪಾಲಿಶ್ ಹಚ್ಚಿಕೊಡುತ್ತ ಊರಿಂದೂರಿಗೆ ಹೋಗುವವನು. ಒಂದು ತಗಡಿನ ಪೆಟ್ಟಿಗೆ, ಅದರಲ್ಲಿ ಅರಗಿನ ಡಬ್ಬಿ, ಬಟ್ಟೆಯ ಉಂಡೆಗಳು, ಮರ ಉಜ್ಜುವ ಉಪ್ಪುಕಾಗದ, ತೂಕದ ಲೆಕ್ಕದಲ್ಲಿ ಕೊಂಡ ನಾಲ್ಕಾರು ಪತ್ತೇದಾರಿ ಕಾದಂಬರಿಗಳು. ಇಷ್ಟೇ ನನ್ನ ಸಂಸಾರ. ಎರಡು ದಿನಕ್ಕೆಂದು ಅಕ್ಕನ ಮನೆಗೆ ಬಂದಿದ್ದೆ. ಬಂದ ಮೂರನೆಯ ದಿನವೇ, ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಕೆಂಪುಕೋಟಿನವನೂ ಬಂದನು.

ಅವನಿಗಿಂತ ಮೊದಲು ಭಾವನ ಪರಿಚಯವಾಗಬೇಕು. ನನ್ನ ಭಾವ ಕುರ್ಚಿ ಮಾಡುವವರು. ಮನೆಯ ಮುಂದಿನ ಕೋಣೆಯೇ ಕೆಲಸದ ಕೋಣೆ. ಕಿಟಕಿಯ ಪಕ್ಕದಲ್ಲಿ ಕುರ್ಚಿಯ ಕಾಲುಗಳನ್ನು ದುಂಡಗೆ ಕಡೆಯುವ ಲೇತ್ ಯಂತ್ರ. ಹಿಂದಿನ ಕೋಣೆಯಲ್ಲಿ ಅಕ್ಕ ಆಸನಗಳಿಗೆ ಬೆತ್ತ ಹೆಣೆಯುತ್ತಾಳೆ. ಕೂರುವವರ ಮುಖ ನೋಡದೆ ಭಾವ ಕುರ್ಚಿ ಮಾಡುವವರಲ್ಲ. ಗಿರಾಕಿ ಬಂದರೆ ಟೇಪು ಹಿಡಿಯುವುದಿಲ್ಲ. ತಮ್ಮ ಅಳತೆಯ ಸ್ಟೂಲಿನ ಮೇಲೆ ಕೂರಿಸಿ ಅದೂ ಇದೂ ಮಾತಾಡುತ್ತಾರೆ. ಕೂತವರು ಮಿಸುಕಾಡಿದಾಗಲೆಲ್ಲ ಸದ್ದಿಲ್ಲದೆ ಬಗ್ಗಿ, ಸ್ಟೂಲಿನ ಯಾವುದೋ ಒಂದು ಕಾಲಿನಡಿಗೆ ಎಲೆಯಷ್ಟು ತೆಳುವಾದ ಮರದ ಚಕ್ಕೆ ತುರುಕುತ್ತಾರೆ. ಮಿಸುಕಾಟ ನಿಂತಾಗ ಮಾತೂ ನಿಲ್ಲುತ್ತದೆ. ಯಾವ ಕಾಲಿನಡಿ ಎಷ್ಟು ಚಕ್ಕೆ ಎಂದು ಎಣಿಸಿ, ಕಿವಿಯ ಸಂದಿಯ ಪೆನ್ಸಿಲಿನಿಂದ ಗೋಡೆಯ ಮೇಲೆ ಬರೆದುಕೊಳ್ಳುತ್ತಾರೆ. ನನಗೂ ಒಂದು ಕುರ್ಚಿ ಮಾಡಿಕೊಡಬೇಕೆಂದು ಹನ್ನೆರಡು ವರ್ಷದಿಂದ ಅವರ ಆಸೆ. ಆದರೆ ಒಂದು ಚಕ್ಕೆ ತುರುಕುವಷ್ಟು ಹೊತ್ತೂ ನಾನು ಕೂತವನಲ್ಲ.

ಇಂಥ ಭಾವ ಜೀವಮಾನದಲ್ಲಿ ಒಂದೇ ಒಂದು ಸಲ ವ್ರತ ಮುರಿದರು. ನಾಟಕಮಂದಿರವೊಂದರ ಮಾಲೀಕನು ಒಂದೇ ಅಚ್ಚಿನ ಅರವತ್ತು ಕುರ್ಚಿ ಕೇಳಿದನು. ಮುಖ ನೋಡದ ಅರವತ್ತು ಕುರ್ಚಿ! ಅದಕ್ಕಾಗಿ ಭಾವ ಸಾಲ ಮಾಡಿ ಈ ಲೇತ್ ತಂದರು, ಹಗಲೆಲ್ಲ ಕಡೆದರು, ಅಕ್ಕ ಬೆರಳು ಬಿರಿಯುವಂತೆ ಹೆಣೆದಳು. ಕುರ್ಚಿಗಳು ಒಳಗೆ ಹೋದ ಮರುವಾರ ಮಂದಿರಕ್ಕೆ ಬೀಗ ಬಿತ್ತು. ಮಾಲೀಕ ನಾಪತ್ತೆ. ಕಂತು ಮಾತ್ರ ತಿಂಗಳು ತಿಂಗಳು ತಪ್ಪದೆ ಬಾಗಿಲಿಗೆ ಬರುತ್ತಿತ್ತು. ಹೀಗೆ ಮೂರು ತಿಂಗಳು ಬಂದು ಬರಿಗೈಯಲ್ಲಿ ಹಿಂದಿರುಗಿತು.

ಈಗ ಕೆಂಪುಕೋಟಿನವನು. ಸಾಲ ಕೊಟ್ಟ ಕಂಪನಿಯು ಬೈಯುವ, ಬಾಗಿಲು ಬಡಿಯುವ ಜನರನ್ನು ಇಟ್ಟುಕೊಂಡಿರಲಿಲ್ಲ. ಅದು ಇಟ್ಟುಕೊಂಡಿದ್ದದ್ದು ಕೂರುವವರನ್ನು. ಮೆಣಸಿನಕಾಯಿಯಷ್ಟು ಕೆಂಪಾದ, ಮೊಣಕಾಲಿನವರೆಗೆ ಇಳಿಯುವ ಕೋಟು ತೊಟ್ಟು, ಸಾಲಗಾರನ ಮನೆಯೆದುರು ಹತ್ತರಿಂದ ಐದರವರೆಗೆ ಕೂರುವುದು, ಇಷ್ಟೇ ಕೆಲಸ. ಆ ಬಣ್ಣ ಕಂಡರೆ ಸಾಕು, ಆ ಮನೆಯವರು ಬಾಕಿದಾರರೆಂದು ಹಾಲು ಹಾಕುವವನಿಂದ ಹಿಡಿದು ದೂರದ ನೆಂಟರವರೆಗೆ ಎಲ್ಲರಿಗೂ ತಿಳಿಯುತ್ತಿತ್ತು.

ಅವನು ಎದುರಿನ ಚಹಾದಂಗಡಿಯಿಂದ ಒಂದು ಸ್ಟೂಲು ಬಾಡಿಗೆಗೆ ತಂದು, ನಮ್ಮ ಬಾಗಿಲಿನಿಂದ ಮೂರು ಹೆಜ್ಜೆ ದೂರದಲ್ಲಿಟ್ಟು, ಬಾಗಿಲಿಗೆ ಬಂದ ಅಕ್ಕನ ಕೈಗೆ ನೋಟೀಸು ಕೊಟ್ಟನು. ನಲವತ್ತೈದರ ಆಸುಪಾಸಿನ, ದೊಡ್ಡ ಮೈಯ, ಸಣ್ಣ ದನಿಯ ಮನುಷ್ಯ.

"ನಮಸ್ಕಾರ ಅಮ್ಮಾ. ಮೂರು ಕಂತು ಬಾಕಿ ಇದೆ. ಶನಿವಾರ ಸಂಜೆ ಐದಕ್ಕೆ ಗಾಡಿ ಬರುತ್ತೆ, ಯಂತ್ರ ಹೋಗುತ್ತೆ. ಅಲ್ಲೀವರೆಗೆ ನಾನು ಇಲ್ಲೇ ಕೂತಿರ್ತೀನಿ. ಬೈಯಲ್ಲ, ಕಿರುಚಲ್ಲ. ಒಳಗೂ ಬರಲ್ಲ."

"ನಿಮ್ಮನ್ನ ಒಳಗೆ ಕರೆದವರು ಯಾರು?" ಎಂದಳು ಅಕ್ಕ. ಬಾಗಿಲು ಹಾಕಿಕೊಂಡು ಒಳಬಂದವಳ ಮುಖ ಮಾತ್ರ ಬಿಳುಚಿತ್ತು. "ಯಂತ್ರ ಹೋದರೆ ಮುಗೀತು ಕಣೋ. ಕೈಯಲ್ಲಿ ಕಡೆದು ತಿಂಗಳಿಗೆರಡು ಕುರ್ಚಿ ಮಾಡೋಕಾಗುತ್ತೆ ಅಷ್ಟೇ. ಬಾಡಿಗೆ ಯಾವುದರಲ್ಲಿ ಕಟ್ಟೋದು, ಒಲೆ ಯಾವುದರಲ್ಲಿ ಹಚ್ಚೋದು?"

ಅಕ್ಕ ಹೀಗೆ ದನಿ ತಗ್ಗಿಸಿದ್ದನ್ನು ನಾನು ಹುಟ್ಟಿದಾರಭ್ಯ ಕೇಳಿರಲಿಲ್ಲ. ನನ್ನ ರಕ್ತ ಕುದಿಯಿತು. ನಾನು ಓದಿದ ಕಾದಂಬರಿಗಳಲ್ಲಿ ಸಾಲಗಾರನ ಬಾಮೈದನು ಎಂದೂ ಕೈಕಟ್ಟಿ ನಿಂತವನಲ್ಲ. "ಅಕ್ಕಾ, ನೀನು ಸುಮ್ಮನಿರು. ಇದನ್ನು ನನಗೆ ಬಿಡು" ಎಂದೆ.

"ಅದೇ ನನಗೆ ಭಯ" ಎಂದಳು ಅಕ್ಕ.

ಹೊರಗೆ ಹೋಗಿ, ಕೆಂಪುಕೋಟಿನವನ ಎದುರು ತಲೆತಗ್ಗಿಸಿ ನಿಂತು, ಗದ್ಗದ ಕಂಠದಿಂದ ಹೇಳಿದೆ: "ಮಹಾಶಯರೇ, ತಾವು ಹುಡುಕಿ ಬಂದ ವ್ಯಕ್ತಿ ಈ ನಾಡಿನಲ್ಲಿಲ್ಲ. ಸಮುದ್ರ ದಾಟಿ ಹೋದರು. ಎಂದು ಮರಳುವರೋ ಬಲ್ಲವರಿಲ್ಲ."

"ಅಯ್ಯೋ ಪಾಪ. ಯಾವಾಗ ಹೋದರು?"

"ಹೋದ ತಿಂಗಳು" ಎನ್ನುವಷ್ಟರಲ್ಲಿ ಕಿಟಕಿಯೊಳಗಿಂದ ಲೇತ್ ಗುರ್ರೆಂದಿತು. ಅದರ ಸದ್ದಿನ ಮೇಲೆ ಭಾವನ ದನಿಯೂ ಬಂತು: "ಏನಪ್ಪಾ, ಆ ಉಪ್ಪುಕಾಗದ ಎಲ್ಲಿಟ್ಟೆ?"

ಕೆಂಪುಕೋಟಿನವನು ಕಿಟಕಿಯತ್ತ ನೋಡಿದನು, ನನ್ನತ್ತ ನೋಡಿದನು. "ಸಮುದ್ರದ ಆಚೆಯಿಂದ ದನಿ ಚೆನ್ನಾಗಿ ಕೇಳುತ್ತೆ" ಎಂದಷ್ಟೇ ಹೇಳಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿ ಕುಳಿತನು.

ಆ ಹೊರಳಾಟವೇ ಭಾವನ ನೆಮ್ಮದಿ ಕೆಡಿಸಿತು. ಮಂಗಳವಾರ ಬೆಳಗಿನಿಂದಲೂ ಕೆಲಸ ಬಿಟ್ಟು ಕಿಟಕಿಯ ಸರಳು ಹಿಡಿದು ನಿಂತಿದ್ದರು. ಸಾಲದ ಚಿಂತೆಯೆಂದು ಭಾವಿಸಿ ನಾನು ಹೆಗಲ ಮೇಲೆ ಕೈಯಿಟ್ಟೆ.

"ಎಡಸೊಂಟ" ಎಂದರು ಭಾವ.

"ಏನು?"

"ಅವನ ಎಡಸೊಂಟ ಇಳಿದಿದೆ. ನೋಡು, ಐದು ನಿಮಿಷಕ್ಕೊಮ್ಮೆ ಎತ್ತುತ್ತಾನೆ. ಆ ಚಹಾದಂಗಡಿ ಸ್ಟೂಲು ಮನುಷ್ಯರು ಕೂರೋ ಸಾಮಾನೇ ಅಲ್ಲ. ನನಗೆ ನೋಡೋಕಾಗ್ತಿಲ್ಲಪ್ಪಾ."

ಹೀಗೆಂದವರೇ ಬಾಗಿಲು ತೆರೆದು ದಾಪುಗಾಲಿಡುತ್ತ ಹೊರಟರು. ಕೊರಳಪಟ್ಟಿ ಹಿಡಿಯುವರೆಂದು ನಾನು ಹುಮ್ಮಸ್ಸಿನಿಂದ ಹಿಂದೆಯೇ ಓಡಿದೆ. ಅವರ ಕೈಯಲ್ಲಿದ್ದುದು ಅಳತೆಯ ಸ್ಟೂಲು.

"ಏಳ್ರೀ, ಅದರಿಂದ ಮೊದಲು ಏಳಿ. ಇದರ ಮೇಲೆ ಕೂತ್ಕೊಳ್ಳಿ."

"ಬೇಡ ಸ್ವಾಮಿ. ಸಾಲಗಾರರ ಕೈಯಿಂದ ಏನೂ ತಗೋಬಾರದು ಅಂತ ನಮಗೆ ನಿಯಮ ಇದೆ."

"ತಗೋಬೇಡಿ. ಕೂತ್ಕೊಳ್ಳಿ, ಸಾಕು."

ಅವನು ಕುಳಿತನು. ಭಾವ ಬೀದಿಯಲ್ಲೇ ಮಂಡಿಯೂರಿ ಮಾತಿಗೆ ತೊಡಗಿದರು. ಎಷ್ಟು ವರ್ಷದಿಂದ ಈ ಕೆಲಸ? ಒಂಬತ್ತು. ಅದಕ್ಕೆ ಮೊದಲು? ಬೇಕರಿ ಇತ್ತು, ಇದೇ ಕಂಪನಿಯ ಸಾಲ, ಒಲೆ ಜಪ್ತಿಯಾಯಿತು, ಉಳಿದ ಬಾಕಿಗೆ ಬದಲಾಗಿ ಕೋಟು ಹಾಕಿಸಿದರು. "ನಮ್ಮಲ್ಲಿ ಅರ್ಧಕ್ಕರ್ಧ ಜನ ಹಾಗೇ ಬಂದವರು ಸ್ವಾಮಿ. ನಮ್ಮ ಮನೆ ಮುಂದೆ ಕೂತಿದ್ದವನೇ ನನಗೆ ಈ ಕೆಲಸ ಕಲಿಸಿದ್ದು." ಹೀಗೆ ಮಾತಾಡುತ್ತಿರುವಾಗ ಭಾವ ಹಿಂದಿನ ಎಡಗಾಲಿಗೆ ಒಂದು ಚಕ್ಕೆ, ಎರಡು, ಮೂರು ಇಟ್ಟರು. ನಾಲ್ಕನೆಯದಕ್ಕೆ ಅವನ ಮಾತು ಅರ್ಧಕ್ಕೆ ನಿಂತಿತು. ಮುಖದ ಗಂಟುಗಳೆಲ್ಲ ಒಂದೊಂದಾಗಿ ಸಡಿಲಿದವು.

"ಸ್ವಾಮಿ, ಏನು ಮಾಡಿದ್ರಿ?"

"ನಾಲ್ಕು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಭಾವ ಒಳಬಂದು ಗೋಡೆಯ ಮೇಲೆ ಬರೆದರು.

ಬುಧವಾರ ನಾನು ಎರಡನೆಯ ಉಪಾಯ ಹೂಡಿದೆ. ಮೆತ್ತೆಗೆ ತುಂಬುವ ನಾರಿನಿಂದ ಎದೆಯವರೆಗೆ ಇಳಿಯುವ ಗಡ್ಡ ಮಾಡಿ, ಮರಕ್ಕೆ ಹಚ್ಚುವ ಅಂಟಿನಿಂದ ಕೆನ್ನೆಗೆ ಮೆತ್ತಿಕೊಂಡು, ಭಾವನ ಮದುವೆಯ ಕೋಟು ಧರಿಸಿ, ಹಿತ್ತಿಲಿನಿಂದ ಸುತ್ತುಹಾಕಿ ಬೀದಿಯ ತುದಿಯಿಂದ ಗಾಂಭೀರ್ಯದೊಡನೆ ನಡೆದುಬಂದೆ.

"ಆ ಯಂತ್ರ ನನ್ನದು" ಎಂದು ಬೆತ್ತ ಝಳಪಿಸಿದೆ. "ನಾನು ಪರಸ್ಥಳದ ವರ್ತಕ. ಹಣ ತೆತ್ತು ಕೊಂಡಾಗಿದೆ. ಅದನ್ನು ಮುಟ್ಟುವ ಅಧಿಕಾರ ಯಾರಿಗೂ ಇಲ್ಲ."

"ರಸೀದಿ ಇದೆಯಾ ವರ್ತಕರೇ?"

"ಹಡಗಿನೊಡನೆ ಮುಳುಗಿತು."

ಅವನು ಸ್ವಲ್ಪ ಹೊತ್ತು ನನ್ನ ಮುಖವನ್ನೇ ದಿಟ್ಟಿಸಿದನು. "ಗಡ್ಡಕ್ಕೆ ಯಾವ ಅಂಟು ಹಾಕಿದ್ರಿ?"

"ಮರದ್ದು" ಎಂದೆ.

"ಅಯ್ಯೋ. ಎಳೀಬೇಡಿ, ಬಿಸಿನೀರಲ್ಲಿ ನೆನೆಸಿ. ಹೋದ ವರ್ಷ ಒಬ್ಬರು ಎಳೆದು ಅರ್ಧ ಮೀಸೇನೂ ಕಿತ್ಕೊಂಡ್ರು. ಗಡ್ಡ ವರ್ಷಕ್ಕೆ ಮೂರೋ ನಾಲ್ಕೋ ಬರುತ್ತೆ ನಮಗೆ. ನಿಮ್ಮದು ಚೆನ್ನಾಗೇ ಇದೆ, ಸ್ವಲ್ಪ ಎಡಕ್ಕೆ ಜರುಗಿದೆ ಅಷ್ಟೇ."

ಅಕ್ಕ ಬಿಸಿನೀರು ಸುರಿಯುತ್ತ ನನ್ನನ್ನು ಬೈದಳೋ, ಬೈಯುತ್ತ ಸುರಿದಳೋ ಹೇಳಲಾರೆ. ಗಡ್ಡ ಬಿಡುವ ಹೊತ್ತಿಗೆ ಸಂಜೆಯಾಗಿತ್ತು. ಅಷ್ಟರಲ್ಲಿ ಲೇತಿನ ಸದ್ದು ಕೇಳಿತು. ಅಕ್ಕ ಚೊಂಬನ್ನು ಅಲ್ಲೇ ಕುಕ್ಕಿ ಮುಂದಿನ ಕೋಣೆಗೆ ಧಾವಿಸಿದಳು. ಮನೆಯಲ್ಲಿ ಉಳಿದಿದ್ದ ಒಂದೇ ಒಂದು ಒಳ್ಳೆಯ ಹಲಗೆಯನ್ನು ಭಾವ ಸೀಳಿ ಹಾಕಿದ್ದರು.

"ರೀ! ಅದನ್ನ ಮಾರಿ ಕಾಲು ಕಂತಾದ್ರೂ ಕಟ್ಟೋಣ ಅಂತ ಇಟ್ಟಿದ್ದೆ. ಯಾರಿಗ್ರೀ ಇದು?"

ಭಾವ ಕಿಟಕಿಯತ್ತ ನೋಡಿದರು.

"ಅವನಿಗಾ? ನಮ್ಮ ಯಂತ್ರ ಹೊತ್ಕೊಂಡು ಹೋಗೋಕೆ ಬಂದವನಿಗೆ ನಮ್ಮ ಯಂತ್ರದಲ್ಲೇ ಕುರ್ಚಿ ಕಡೆದು ಕೊಡ್ತೀರಾ?"

"ನಾಲ್ಕು ಚಕ್ಕೆ ಕಣೇ" ಎಂದರು ಭಾವ ಅಪರಾಧಿಯ ದನಿಯಲ್ಲಿ. "ಇಷ್ಟು ವರ್ಷದಲ್ಲಿ ನಾಲ್ಕು ಚಕ್ಕೆಯ ಸೊಂಟ ನಾನು ನೋಡಿಲ್ಲ. ಶನಿವಾರ ಆದಮೇಲೆ ಯಂತ್ರ ಇರಲ್ಲ. ಅದಕ್ಕೆ ಮುಂಚೆ ಮಾಡಬೇಕಲ್ಲ."

ಅಕ್ಕ ಆ ದಿನ ಅವರೊಡನೆ ಮತ್ತೆ ಮಾತಾಡಲಿಲ್ಲ.

ಗುರುವಾರ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕ ಏರಿಸಿಕೊಂಡು ತಾನೇ ಹೊರಗೆ ಹೋದಳು. ಅವಳು ಗಡ್ಡ ಕಟ್ಟಿರಲಿಲ್ಲ, ಸಮುದ್ರದ ಸುದ್ದಿಯೆತ್ತಲಿಲ್ಲ.

"ನೋಡಿ ಅಣ್ಣಾ, ನಮ್ಮ ಹತ್ತಿರ ಈಗ ಕೊಡೋಕೆ ದುಡ್ಡಿಲ್ಲ. ಇಲ್ಲ ಅಂದರೆ ಇಲ್ಲ. ಆದರೆ ಎಷ್ಟು ಕೊಡಬೇಕು, ಯಾಕೆ ಕೊಡಬೇಕು ಅಂತ ಸಾಲು ಸಾಲಾಗಿ ಬರೆದು ಕೊಡಿ. ಬಾಯಿಮಾತು ಬೇಡ."

ಒಂಬತ್ತು ವರ್ಷದಲ್ಲಿ ಹಾಗೆ ಕೇಳಿದವರು ಅಪರೂಪವಿರಬೇಕು. ಅವನು ಕೋಟಿನ ಒಳಜೇಬಿನಿಂದ ಪುಸ್ತಕ ತೆಗೆದು ಬರೆದುಕೊಟ್ಟನು. ಅಕ್ಕ ಅದನ್ನೂ ನೋಟೀಸನ್ನೂ ಪಕ್ಕಪಕ್ಕ ಹಿಡಿದು, ಬೆತ್ತದ ಎಳೆ ಎಣಿಸುವವಳಂತೆ ಅಕ್ಷರ ಅಕ್ಷರ ಓದಿದಳು. ಒಂದು ಕಡೆ ಬೆರಳು ನಿಂತಿತು.

"ಇಲ್ಲಿದೆ: 'ಎರಡು ಅಥವಾ ಅದಕ್ಕಿಂತ ಹೆಚ್ಚು ಕಂತು ಬಾಕಿಯಿದ್ದಲ್ಲಿ ಯಂತ್ರ ವಶ.' ಅಂದರೆ ಒಂದೇ ಬಾಕಿ ಇದ್ದರೆ?"

"ಒಂದಾದರೆ ವಶ ಇಲ್ಲಮ್ಮ. ಕೂರೋದು ಮಾತ್ರ."

"ಕೂತ್ಕೊಳ್ಳಿ, ಅದಕ್ಕೇನು. ಮತ್ತೆ ಇದೇನಿದು, 'ಪ್ರತಿನಿಧಿಯ ಆಸನ ವೆಚ್ಚ, ದಿನವಹಿ'?"

"ಸ್ಟೂಲಿನ ಬಾಡಿಗೆ ಅಮ್ಮ. ಯಾರ ಮನೆಯಲ್ಲೂ ನಮಗೆ ಕೂರೋಕೆ ಏನೂ ಕೊಡಲ್ಲ ನೋಡಿ. ಚಹಾದಂಗಡಿಯಿಂದ ತಗೋತೀವಿ. ಕಂಪನಿ ನಮಗೆ ದಿನದ ಬಾಡಿಗೆ ಕೊಡುತ್ತೆ, ಸಾಲಗಾರರ ಲೆಕ್ಕಕ್ಕೆ ಸೇರಿಸುತ್ತೆ."

"ಅಂದರೆ ನೀವು ಬಂದು ನಮ್ಮ ಮಾನ ಕಳೆಯೋಕೆ ಸ್ಟೂಲಿನ ಬಾಡಿಗೇನೂ ನಾವೇ ಕೊಡಬೇಕು. ಆಯ್ತು. ಮಂಗಳವಾರದಿಂದ ಯಾರ ಸ್ಟೂಲಿನ ಮೇಲೆ ಕೂತಿದ್ದೀರಿ?"

ಅವನು ತನ್ನ ಅಡಿಗೆ ನೋಡಿಕೊಂಡನು. ಪುಸ್ತಕ ಹಿಂದಕ್ಕೆ ತೆಗೆದುಕೊಂಡು, ಸೋಮವಾರವೊಂದನ್ನುಳಿದು ಮಿಕ್ಕ ದಿನಗಳ ಆಸನ ವೆಚ್ಚವನ್ನು ಹೊಡೆದು ಹಾಕಿ ಸಹಿ ಮಾಡಿದನು. ಅಕ್ಕ ಹೋಗುತ್ತಾ ಹೋಗುತ್ತಾ ಕೇಳುವಂತೆ ಕೇಳಿದಳು: "ನಿಮ್ಮಲ್ಲಿ ಎಷ್ಟು ಜನ ಕೂರೋರು?"

"ಹತ್ತೊಂಬತ್ತು."

"ಎಲ್ಲರಿಗೂ ಸೊಂಟ ನೋವಾ?"

"ಇಬ್ಬರಿಗೆ ಕುತ್ತಿಗೆ."

ಒಳಬಂದ ಅಕ್ಕ ಒಲೆಯ ಮುಂದೆ ನಿಂತು ಬೆರಳು ಮಡಿಚುತ್ತ ಲೆಕ್ಕ ಹಾಕಿದಳು. ದಿನದ ಬಾಡಿಗೆ ಇಷ್ಟು, ತಿಂಗಳಿಗೆ ಇಷ್ಟು. ಸ್ವಂತ ಕುರ್ಚಿಯಿದ್ದರೆ ಆ ಬಾಡಿಗೆ ಕೂರುವವನ ಜೇಬಿಗೆ. ಎರಡೂವರೆ ತಿಂಗಳಲ್ಲಿ ಕುರ್ಚಿಯ ಬೆಲೆ ಹುಟ್ಟುತ್ತದೆ. ಆಮೇಲೆ ಮುಂದಿನ ಕೋಣೆಗೆ ಹೋಗಿ, ಹಿಂದಿನ ಸಂಜೆಯಿಂದ ಹಿಡಿದಿದ್ದ ಮೌನ ಮುರಿದಳು.

"ರೀ, ಆ ಕುರ್ಚಿ ಮಡಿಚೋ ಹಾಗಿರಲಿ. ಹೆಗಲಿಗೆ ಹಾಕ್ಕೊಳ್ಳೋಕೆ ಒಂದು ಪಟ್ಟಿ ಇರಲಿ. ಆಸನ ಇಲ್ಲಿ ಕೊಡಿ, ಹೆಣೀತೀನಿ."

ಭಾವನಿಗೆ ಏನೊಂದೂ ಅರ್ಥವಾಗಲಿಲ್ಲ. ಆದರೆ ಮಡಿಚುವ ಕುರ್ಚಿಗೆ ನಾಲ್ಕು ಚಕ್ಕೆಯ ಇಳಿಜಾರು ಕೊಡುವ ಸಮಸ್ಯೆಯೊಂದು ಎದುರಾಯಿತಲ್ಲ, ಅಷ್ಟಕ್ಕೇ ಅವರ ಮುಖ ಅರಳಿತು. ಹಳೆಯ ಹಗೆಯವನಿಗೆ ವಿಷ ಕಲಸುವವಳಂತೆ ಅಕ್ಕ ಬೈಯುತ್ತ ಬೈಯುತ್ತ ಬೆತ್ತ ಹೆಣೆದಳು. ಹೆಣಿಗೆಯಲ್ಲಿ ಒಂದು ಎಳೆಯೂ ಸಡಿಲವಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಕುರ್ಚಿ ಹೊರಗೆ ಹೋಯಿತು. ಕೆಂಪುಕೋಟಿನವನು ಕುಳಿತನು. ಕಾಲು ಗಂಟೆ, ಅರ್ಧ ಗಂಟೆ, ಮುಕ್ಕಾಲು ಗಂಟೆ, ಮಿಸುಕಲಿಲ್ಲ. ಎದುರಿನ ಚಹಾದಂಗಡಿಯವನು ಗಾಬರಿಯಾಗಿ ಬಂದು ಮೂಗಿನ ಬಳಿ ಕೈಯಿಟ್ಟು ನೋಡಿದನು. ಐದಕ್ಕೆ ಎದ್ದಾಗ ಕೆಂಪುಕೋಟಿನವನ ಕಣ್ಣುಗಳು ಒದ್ದೆಯಾಗಿದ್ದವು.

"ಇದರ ಬೆಲೆ ಎಷ್ಟಮ್ಮ?"

"ಈಗ ಬೆಲೆ ಬೇಡ. ಹೆಗಲಿಗೆ ಹಾಕ್ಕೊಳ್ಳಿ. ನಾಳೆ ಬೆಳಿಗ್ಗೆ ನಿಮ್ಮ ಕಚೇರಿಯಲ್ಲಿ ಹಾಜರಿ ಕರೀತಾರಲ್ಲ, ಆಗ ಎಲ್ಲರ ಮುಂದೆ ಬಿಚ್ಚಿ ಕೂತ್ಕೊಳ್ಳಿ. ಯಾರಾದರೂ ಕೇಳಿದರೆ, ಮುಖ ನೋಡದೆ ಮಾಡಲ್ಲ, ಮುಂಗಡ ತಗೊಂಡು ಅವರೇ ಬರಬೇಕು ಅಂತ ಹೇಳಿ."

"ಹೇಳ್ತೀನಿ. ಆದರೆ ಅಮ್ಮಾ, ನಾಳೆ ಐದಕ್ಕೆ ಗಾಡಿ ಬರೋದು ತಪ್ಪಲ್ಲ. ಅದು ನನ್ನ ಕೈಲಿಲ್ಲ."

"ನನಗೆ ಗೊತ್ತು. ನೀವು ಹೇಳಿದ್ದಷ್ಟು ಮಾಡಿ."

ಈ ಮಾತುಕತೆ ನಡೆಯುವಾಗ ನಾನು ಹಿತ್ತಿಲಿನಲ್ಲಿ ಮೂರನೆಯ ಉಪಾಯದ ಧ್ಯಾನದಲ್ಲಿದ್ದೆ ಎಂಬುದನ್ನು ಮಹಾಶಯರು ಮರೆಯಬಾರದು. ಅಕ್ಕನ ಯೋಜನೆ ನನಗೆ ತಿಳಿದಿರಲಿಲ್ಲ. ಗಡ್ಡದ ಪ್ರಸಂಗದ ತರುವಾಯ ನನಗೆ ಯಾರೂ ಏನನ್ನೂ ಹೇಳುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಕಿಟಕಿ ತೆರೆದವನು ಕಲ್ಲಾದೆ. ಬೀದಿಯ ತುದಿಯಿಂದ ಕೆಂಪುಕೋಟುಗಳು ಬರುತ್ತಿದ್ದವು. ಒಂದು, ಎರಡು, ಐದು, ಒಂಬತ್ತು, ಎಣಿಸಿದರೆ ಹತ್ತೊಂಬತ್ತು. ಎಲ್ಲರೂ ನಮ್ಮ ಬಾಗಿಲಿಗೇ ಬಂದು ಸಾಲಾಗಿ ನಿಂತರು. ಎದುರು ಮನೆಗಳ ಮಹಡಿಗಳಲ್ಲಿ ಜನ ತುಂಬಿದರು. "ಒಂದು ಕುರ್ಚಿ ಅಂಗಡಿಯವನು ಅಷ್ಟೊಂದು ಸಾಲ ಮಾಡಿದ್ದಾನಾ?" ಎಂದು ಯಾರೋ ಕೇಳಿದರು. "ಬ್ಯಾಂಕನ್ನೇ ಎತ್ತಿ ತಂದಿರಬೇಕು" ಎಂದು ಇನ್ನಾರೋ ಉತ್ತರಿಸಿದರು. ಪೇಪರ್ ಹಾಕುವವನು ತನ್ನ ಹಳೆಯ ಬಾಕಿ ಕೇಳಲು ಅಲ್ಲೇ ಸರದಿಯಲ್ಲಿ ನಿಂತನು.

ಯಂತ್ರಕ್ಕೆ ಹತ್ತೊಂಬತ್ತು ಜನ! ಯೋಚಿಸಲು ವೇಳೆಯಿರಲಿಲ್ಲ. ಲೇತಿನ ಬೆಲ್ಟು ಬಿಚ್ಚಿ, ಅಂಗಿಯೊಳಗೆ ಸೊಂಟಕ್ಕೆ ಮೂರು ಸುತ್ತು ಸುತ್ತಿಕೊಂಡು, ಹಿತ್ತಿಲ ಗೋಡೆ ಹಾರಿದೆ. ಬೆಲ್ಟಿಲ್ಲದ ಲೇತು ಬರಿಯ ಕಬ್ಬಿಣದ ತುಂಡು. ಅದನ್ನು ಯಾರು ಹೊರುತ್ತಾರೆ? ಊರ ಹೊರಗಿನ ಸೇತುವೆಯವರೆಗೆ ಓಡಿ, ಅಲ್ಲಿ ನೆರಳಿನಲ್ಲಿ ಮೂರು ತಾಸು ಅತ್ತಿಂದಿತ್ತ ಓಡಾಡಿದೆ. ನನ್ನ ತ್ಯಾಗದ ವಿಚಾರವಾಗಿ ಒಂದೆರಡು ಉತ್ತಮ ವಾಕ್ಯಗಳೂ ಹೊಳೆದವು. ಕೊನೆಗೆ ಹೊಟ್ಟೆ ಚುರುಗುಟ್ಟಿ ಹಿಂದಿರುಗಿದೆ.

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಅವಳ ಹಿಂದೆ, ಅಳತೆಯ ಸ್ಟೂಲಿನ ಮೇಲೆ ಒಬ್ಬ ಕೆಂಪುಕೋಟು. ಅವನ ಪಾದದ ಬಳಿ ಭಾವ, ಬಾಯಲ್ಲಿ ಚಕ್ಕೆ ಕಚ್ಚಿಕೊಂಡು. ಗೋಡೆಯ ತುಂಬ ಹೊಸ ಅಂಕಿಗಳು.

"ಬೆಲ್ಟು ಎಲ್ಲೋ?"

"ಸುರಕ್ಷಿತವಾಗಿದೆ ಅಕ್ಕಾ. ಪ್ರಾಣ ಹೋದರೂ..."

"ನಿನ್ನ ಪ್ರಾಣ ಯಾರಿಗೆ ಬೇಕೋ! ಬೆಲ್ಟು ತೆಗಿ!"

ಆಮೇಲೆ ತಿಳಿದದ್ದಿಷ್ಟು. ನಮ್ಮ ಕೆಂಪುಕೋಟಿನವನನ್ನು ಬಿಟ್ಟು ಉಳಿದ ಹದಿನೆಂಟು ಜನರೂ ಕುರ್ಚಿ ಬೇಕೆಂದು, ಕೆಲಸಕ್ಕೆ ಹೋಗುವ ದಾರಿಯಲ್ಲಿ ಕೋಟಿನಲ್ಲೇ ಬಂದಿದ್ದರು. ಎಲ್ಲರ ಜೇಬಿನಲ್ಲೂ ಮುಂಗಡವಿತ್ತು. ಆದರೆ ಮುಂಗಡ ಕೊಟ್ಟು ಮುಳುಗಿದವರ ಮನೆಗಳೆದುರೇ ಕೂತು ಕೂತು ಬುದ್ಧಿ ಕಲಿತ ಜನ ಅವರು. ಅವರಲ್ಲಿ ಹಿರಿಯನಾದ ನರೆಮೀಸೆಯವನು ಖಂಡಿತವಾಗಿ ಹೇಳಿದ್ದನು: "ಯಂತ್ರ ಓಡೋದು ಕಣ್ಣಾರೆ ನೋಡಿ ದುಡ್ಡು ಕೊಡ್ತೀವಿ. ಅಲ್ಲೀವರೆಗೆ ಜೇಬಿಗೆ ಕೈ ಹಾಕಲ್ಲ." ಭಾವ ಲೇತಿನ ಗುಂಡಿ ಒತ್ತಿದರೆ ಮೋಟಾರು ತಿರುಗಿತು, ಲೇತು ತಿರುಗಲಿಲ್ಲ. ಅಳತೆಯ ನೆಪದಲ್ಲಿ ಅಕ್ಕ ಅವರನ್ನು ಮಧ್ಯಾಹ್ನದವರೆಗೆ ಹಿಡಿದಿಟ್ಟಿದ್ದಳು. ಆದರೂ ಮೂವರು ಕೆಲಸಕ್ಕೆ ಹೊತ್ತಾಯಿತೆಂದು ಮುಂಗಡ ಕೊಡದೆಯೇ ಹೊರಟುಹೋಗಿದ್ದರು.

ನಾನು ಎಲ್ಲರೆದುರು ಅಂಗಿ ಎತ್ತಿ ಸೊಂಟದಿಂದ ಬೆಲ್ಟು ಬಿಚ್ಚಿಕೊಟ್ಟೆ. ಹದಿನೈದು ಕೆಂಪುಕೋಟುಗಳು ಕತ್ತು ಚಾಚಿ ನೋಡಿದವು. "ಇವರೇ ಹಡಗಿನ ವರ್ತಕರು" ಎಂದು ನಮ್ಮವನು ಪರಿಚಯ ಮಾಡಿಕೊಟ್ಟನು.

ಲೇತು ತಿರುಗಿತು. ಭಾವ ಒಂದು ಕಾಲನ್ನು ಕಡೆದು ತೋರಿಸಿದರು. ಮರದ ಸುರುಳಿಗಳು ಕೆಂಪುಕೋಟುಗಳ ಮೇಲೆ ಹಾರಿ ಕುಳಿತವು. ನರೆಮೀಸೆಯವನು ಆ ಕಾಲನ್ನು ಕೈಯಲ್ಲಿ ಹಿಡಿದು, ಹೊರಳಿಸಿ, ಮೂಸಿ, ಕೊನೆಗೆ ಜೇಬಿಗೆ ಕೈ ಹಾಕಿದನು. ಅವನ ಹಿಂದೆ ಹದಿನಾಲ್ಕು ಕೈಗಳು. ಪೇಪರಿನವನು ತನ್ನ ಬಾಕಿಯನ್ನೂ ಅದರಲ್ಲೇ ಕೇಳಿದನು. ಅಕ್ಕ ಅವನನ್ನು ನೋಡಿದ ನೋಟಕ್ಕೆ, ಮುಂದಿನ ವಾರ ಬರುತ್ತೇನೆಂದು ಹೊರಟುಹೋದನು.

ಐದಕ್ಕೆ ಗಾಡಿ ಬಂದು ನಿಂತಿತು. ಅಕ್ಕ ಹೊಸ್ತಿಲ ಮೇಲೆ ಕೂತು ಎಣಿಸುತ್ತಿದ್ದಳು. ಎರಡು ಕಂತು, ಅದರ ಮೇಲಿನ ದಂಡ, ಸೋಮವಾರ ಒಂದು ದಿನದ ಆಸನ ವೆಚ್ಚ. ಒಮ್ಮೆ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಒಂದು ಬಸ್ ಟಿಕೆಟಿನಷ್ಟು ದುಡ್ಡು ಕಡಿಮೆ ಬಿದ್ದಿತ್ತು.

"ಆ ಮೂವರು ಇದ್ದಿದ್ದರೆ..." ಎಂದು ಅವಳು ತಲೆಯೆತ್ತಿದಳು. ಗಾಡಿಯಿಂದ ಇಳಿದ ಇಬ್ಬರು ಹಗ್ಗ ಬಿಚ್ಚುತ್ತಿದ್ದರು. ಕೆಂಪುಕೋಟಿನವನು ಅವರತ್ತ ನೋಡದೆ, ನಮ್ಮತ್ತಲೂ ನೋಡದೆ, ತನ್ನ ಹೊಸ ಕುರ್ಚಿಯ ಪಟ್ಟಿಯನ್ನು ಸರಿಪಡಿಸುತ್ತಿದ್ದನು. ನಿಯಮದ ಪ್ರಕಾರ ಅವನು ತನ್ನ ಜೇಬಿನಿಂದ ಕೊಡುವಂತಿರಲಿಲ್ಲ; ತನ್ನ ಕುರ್ಚಿಯ ಮುಂಗಡವನ್ನಂತೂ ಅಂದು ಬೆಳಿಗ್ಗೆಯೇ ಅಕ್ಕನಿಗೆ ಕೊಟ್ಟಾಗಿತ್ತು.

ನನ್ನ ತಗಡಿನ ಪೆಟ್ಟಿಗೆಯಲ್ಲಿ, ಒಂದು ಕಾದಂಬರಿಯ ನೂರಾ ಹದಿನೆಂಟನೆಯ ಪುಟದಲ್ಲಿ, ಮುಂದಿನ ಊರಿನ ಬಸ್ಸಿಗೆಂದು ಇಟ್ಟ ನೋಟೊಂದಿತ್ತು. ಅದನ್ನು ತಂದು ಅಕ್ಕನ ಮಡಿಲಿಗೆ ಹಾಕಿದೆ. ಈ ಒಂದು ಸಲ ಗದ್ಗದ ಕಂಠವನ್ನು ಬಳಸಬೇಕೆಂದು ನನಗೆ ತೋಚಲಿಲ್ಲ.

ಕೆಂಪುಕೋಟಿನವನು ಎಣಿಸಿದನು, ರಸೀದಿ ಹರಿದನು. "ಒಂದು ಕಂತು ಬಾಕಿ. ಯಂತ್ರ ವಶ ಇಲ್ಲ" ಎಂದು ಗಾಡಿಯವರಿಗೆ ಕೂಗಿ ಹೇಳುವಾಗ ಅವನ ಸಣ್ಣ ದನಿ ಬೀದಿಯ ಆ ತುದಿಯವರೆಗೆ ಕೇಳಿಸಿತು. ಹಗ್ಗ ಮತ್ತೆ ಗಾಡಿ ಸೇರಿತು.

"ಸೋಮವಾರ ಹತ್ತಕ್ಕೆ ಬರ್ತೀನಮ್ಮ."

"ಬನ್ನಿ. ಕುರ್ಚಿ ತನ್ನಿ. ಆಸನ ವೆಚ್ಚ ಅಂತ ನನ್ನ ಲೆಕ್ಕಕ್ಕೆ ಸೇರಿಸಿದರೆ ನೋಡಿ ಮತ್ತೆ."

ಎರಡು ಬೀದಿಯಾಚೆಯ ಬಾಕಿದಾರ ದರ್ಜಿಯ ಮನೆಯೆದುರು ಮುಂದೆ ಇಂಥದೇ ಕುರ್ಚಿಯ ಮೇಲೆ ಕೂರುವವನು ಆ ವೆಚ್ಚವನ್ನು ದರ್ಜಿಯ ಲೆಕ್ಕಕ್ಕೆ ಸೇರಿಸುತ್ತಾನೆ ಎಂಬುದು ನನಗೆ ಆ ಸಂಜೆಯೇ ಹೊಳೆಯಿತು. ಅಕ್ಕನಿಗೂ ಹೊಳೆದಿರಬೇಕು, ದರ್ಜಿಯ ಹೆಂಡತಿಯ ಬಳಿ ಹೋಗಿ ಎಲ್ಲವನ್ನೂ ಬರೆಸಿಕೋ, ಕೂರಲು ಏನಾದರೂ ಕೊಡು ಎಂದು ಹೇಳಿ ಬಂದಳು.

ಭಾನುವಾರ ಬೆಳಿಗ್ಗೆ ನಾನು ಪೆಟ್ಟಿಗೆ ಕಟ್ಟತೊಡಗಿದಾಗ ಅವಳು ಬೆತ್ತ ನೆನೆಹಾಕುತ್ತಿದ್ದಳು.

"ಎಲ್ಲಿಗೋ ಹೊರಟೆ? ಕುರ್ಚಿ ಕೊಟ್ಟಮೇಲೆ ಹದಿನಾರು ಜನರ ಹತ್ತಿರ ಉಳಿದ ದುಡ್ಡು ಬರಬೇಕು. ವಸೂಲಿಯವರ ಹತ್ತಿರ ವಸೂಲಿ ಮಾಡೋದು ಅಂದರೆ ತಮಾಷೆನಾ? ಕೊಡದಿದ್ದವರ ಮನೆ ಮುಂದೆ ಹೋಗಿ ಕೂರೋಕೆ ನನಗೊಂದು ಜನ ಬೇಕು."

"ಅಕ್ಕಾ, ಬೇರೆ ಯಾವ ಕೆಲಸವನ್ನಾದರೂ ಹೇಳು. ಕೂರುವುದೊಂದು ನನ್ನಿಂದಾಗದು."

"ಓಡೋದೂ ಆಗಲ್ಲ ನಿನ್ನಿಂದ. ಸೇತುವೆವರೆಗೆ ಓಡಿ ಊಟಕ್ಕೆ ವಾಪಸ್ಸು ಬಂದೆ." ಹೀಗೆಂದರೂ ಬುತ್ತಿ ಕಟ್ಟಿಟ್ಟಿದ್ದಳು, ಅದನ್ನು ಪೆಟ್ಟಿಗೆಯ ಮೇಲೆ ಕುಕ್ಕಿದಳು. "ಆ ನೋಟಿನ ದುಡ್ಡು ನಿನ್ನ ಬಾಕಿ ಅಂತ ಬರೆದಿಟ್ಟಿದ್ದೀನಿ. ಬಂದು ತಗೊಂಡು ಹೋಗು. ನೀನು ಬರದಿದ್ದರೆ ನಾನೇ ನಿನ್ನ ಹುಡುಕಿಸ್ತೀನಿ, ಕೆಂಪುಕೋಟಿನವರೆಲ್ಲ ಈಗ ನನ್ನ ಗಿರಾಕಿಗಳು, ನೆನಪಿಟ್ಕೋ."

ಭಾವ ಅಳತೆಯ ಸ್ಟೂಲನ್ನು ಬಾಗಿಲಿಗಡ್ಡವಾಗಿ ಇಟ್ಟಿದ್ದರು. "ಒಂದು ನಿಮಿಷ ಕೂತ್ಕೋಪ್ಪಾ. ಒಂದೇ."

ಕುಳಿತೆ. ಅವರು ಚಕ್ಕೆಯ ಡಬ್ಬಿ ತರಲು ತಿರುಗಿದರು. ಮರಳಿ ನೋಡುವಷ್ಟರಲ್ಲಿ ನಾನು ಪೆಟ್ಟಿಗೆ ಹೆಗಲಿಗೇರಿಸಿ ಹೊಸ್ತಿಲ ಹೊರಗಿದ್ದೆ. "ನೋಡಿದೆಯೇನೇ, ಡಬ್ಬಿ ಮುಚ್ಚಳ ತೆಗೆಯೋಕೂ ಬಿಡಲಿಲ್ಲ" ಎಂದು ಅವರು ಅಕ್ಕನಿಗೆ ಹೇಳಿದ್ದು ಬೆನ್ನಿಗೆ ಕೇಳಿಸಿತು. ಮರುಕ್ಷಣವೇ ಲೇತು ಗುರ್ರೆಂದಿತು.

ಚಹಾದಂಗಡಿಯಲ್ಲಿ ಬಾಡಿಗೆಯ ಸ್ಟೂಲುಗಳು ಒಂದರ ಮೇಲೊಂದು ಕೂತು ಧೂಳು ಹಿಡಿಯತೊಡಗಿದ್ದವು. ಅಂಗಡಿಯವನು ನನ್ನನ್ನು ಕಂಡೊಡನೆ ಮುಖ ಗಂಟಿಕ್ಕಿದನು. ಮರುಗಳಿಗೆ ವ್ಯಾಪಾರದ ಆಸೆ ಗೆದ್ದಿತು.

"ಬನ್ನಿ ವರ್ತಕರೇ, ಬಸ್ಸು ಬರೋವರೆಗೆ ಕೂತ್ಕೊಳ್ಳಿ. ಅರ್ಧ ಬಾಡಿಗೆ."

"ಬಸ್ಸಿಗೆ ಕಾಸಿಲ್ಲ ಸ್ವಾಮಿ" ಎಂದೆ. ಕೆನ್ನೆಯಲ್ಲಿ ಇನ್ನೂ ಅಲ್ಲಲ್ಲಿ ಅಂಟು ಚುರುಗುಟ್ಟುತ್ತಿತ್ತು. ಅದನ್ನು ಕೆರೆದುಕೊಳ್ಳುತ್ತ ಸೇತುವೆಯ ದಾರಿ ಹಿಡಿದು ನಡೆದೆ.